ಅಕ್ಕ ತಲೆ ಎತ್ತಿ ನೋಡಿದ ದಿನ

ಬಾಗಲಕೋಟೆಯಲ್ಲಿ ಹುಡುಗರಿಗೆ ಕಾನೂನು ಕಲಿಸುವುದು ನನ್ನ ಕೆಲಸ. ಆ ವಾರದ ಪಾಠ, ಅಂತರರಾಷ್ಟ್ರೀಯ ಅಪರಾಧಗಳ ವಿಚಾರಣೆಯಲ್ಲಿ ಸಂತ್ರಸ್ತರ ಸ್ಥಾನ. ಯುದ್ಧದಲ್ಲಿ ಮನೆ-ಮಕ್ಕಳನ್ನು ಕಳೆದುಕೊಂಡವರು ಹಿಂದೆಲ್ಲ ಬರೀ ಸಾಕ್ಷಿಗಳು, ಕೇಳಿದ್ದಕ್ಕೆ ಉತ್ತರ ಹೇಳಿ ಇಳಿದು ಹೋಗಬೇಕಿತ್ತು. ಈಗ ಅಂತರರಾಷ್ಟ್ರೀಯ ಕೋರ್ಟಿನಲ್ಲಿ ಅವರ ಪರವಾಗಿಯೇ ವಕೀಲರಿರುತ್ತಾರೆ, ತಮ್ಮ ಅಳಲನ್ನು ತಾವೇ ನ್ಯಾಯಾಧೀಶರ ಮುಂದೆ ಇಡಬಹುದು ಎಂದು ಮೇಜು ಕುಟ್ಟಿ ಹೇಳಿದೆ. ಹೇಳುತ್ತಿದ್ದರೂ ಕಣ್ಣು ಗಡಿಯಾರದ ಮೇಲೇ ಇತ್ತು. ಹುನಗುಂದದ ಬಸ್ಸಿಗೆ ಅಕ್ಕ ಬರುವವಳಿದ್ದಳು. ಮರುದಿನ ಕೋರ್ಟಿನಲ್ಲಿ ಅವಳ ಸಾಕ್ಷಿ.

ಅಕ್ಕನನ್ನು ಕೊಟ್ಟದ್ದು ರಾಮಥಾಳದ ಕಡೆಯ ಒಂದು ಹಳ್ಳಿಗೆ. ಅವಳ ಗಂಡನಿಗೂ ಗಂಡನ ಸ್ವಂತ ಅಣ್ಣನಿಗೂ ಹೊಲದ ಬದುವಿನ ಜಗಳ. ಎಳ್ಳ ಅಮಾವಾಸ್ಯೆಯ ದಿನ ಬೆಳೆಗೆ ಚರಗದ ನೈವೇದ್ಯ ಚೆಲ್ಲಿ ಎಲ್ಲರೂ ಊಟಕ್ಕೆ ಬುತ್ತಿ ಬಿಚ್ಚುತ್ತಿದ್ದಾಗ, "ಹಬ್ಬದ ದಿನಾನೂ ಎಂಥಾ ಸಿಟ್ಟು, ಅಣ್ಣನ್ನೂ ಕರಕೊಂಡು ಬರ್ತೇನಿ" ಎಂದು ಗಂಡ ಬದು ದಾಟಿ ಹೋದ. ಅಣ್ಣ ಕೊಡಲಿ ಬೀಸಿದ, ಗಂಡ ಅಲ್ಲೇ ಸತ್ತ. ಅಕ್ಕ ಕಣ್ಣಾರೆ ಕಂಡಳು. ತಮ್ಮನೇ ಕೊಡಲಿ ಹಿಡಿದು ಬಂದಿದ್ದ, ನಾನು ಜೀವ ಉಳಿಸಿಕೊಂಡೆ ಎಂಬುದು ಅಣ್ಣನ ಮಾತು. ಉಳಿದವರು ಬುತ್ತಿಯ ಸುತ್ತ ಕೂತಿದ್ದರು, ಕಂಡವಳು ಅಕ್ಕ ಒಬ್ಬಳೇ. ಅವಳ ಮಾತು ಗಟ್ಟಿಯಾಗಿ ನಿಂತರೆ ಕೇಸು ನಿಲ್ಲುತ್ತದೆ.

ನಾನು ಮೊದಲೇ ಒಂದು ಕಡೆ ಕೂರುವವಳಲ್ಲ. ಅವತ್ತು ಸಂಜೆ ವಿದ್ಯಾಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತ ಅಕ್ಕನಿಗೆ ಪ್ರಶ್ನೆ ಹಾಕಿದ್ದೇ ಹಾಕಿದ್ದು. ಎಷ್ಟು ದೂರ ನಿಂತಿದ್ದಿ? ಬಿಸಿಲಿತ್ತೇ? ನಿನ್ನ ಗಂಡನ ಕೈಯಲ್ಲಿ ಏನಿತ್ತು? ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ತಪ್ಪಿಲ್ಲದೆ ಹೇಳಿದಳು. ಆಮೇಲೆ ಮೊರ ಕೆಳಗಿಟ್ಟಳು.

"ಎಲ್ಲಾ ಕೇಳ್ತಾರ. ಊಟಕ್ಕ ಕರಿಯಾಕ ಹೋಗಿದ್ರು ಅನ್ನೂದನ್ನ ಮಾತ್ರ ಯಾರೂ ಕೇಳಂಗಿಲ್ಲ. ಅದನ್ನ ನಾ ಯಾವಾಗ ಹೇಳ್ಲಿ?"

"ಕೇಳಿದ್ದಕ್ಕಷ್ಟ ಹೇಳಕ್ಕಾ. ಸರಕಾರಿ ವಕೀಲರು ಹಂಗ ಹೇಳ್ಯಾರ."

ಅವಳ ಮುಖ ಬಾಡಿತು. ನನಗೆ ಸಂಕಟವಾಗಿ, ಬೇರೆ ದೇಶದ ಆ ಕೋರ್ಟಿನ ಕಥೆ ಹೇಳಿದೆ. ಅಲ್ಲಿ ನಿನ್ನಂಥವರಿಗೆ ಮಾತಾಡಲು ಬಿಡುತ್ತಾರೆ ಎಂದೆ.

"ದೂರದ ಗುಡ್ಡ ಕಣ್ಣಿಗೆ ನುಣ್ಣಗ ಬಿಡು" ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ.

ಮರುದಿನ ಕೋರ್ಟಿನಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಗಂಡನ ಕೈ ಖಾಲಿ ಇತ್ತು ಎಂಬುದನ್ನು ಸ್ಪಷ್ಟವಾಗಿ ಹೇಳಿದಳು. ನ್ಯಾಯಾಧೀಶರು ಹೇಳಿ ಬರೆಸುತ್ತಿದ್ದರು, ಟೈಪಿಸ್ಟ್ ಟಕಟಕ ಹೊಡೆಯುತ್ತಿದ್ದ. ಆಗ ಸರಕಾರಿ ವಕೀಲರು, "ಹೊಡೆದವರು ಇಲ್ಲಿದ್ದಾರೇನು? ನೋಡಿ ತೋರಿಸ್ರಿ" ಎಂದರು.

ಅಕ್ಕ ತೋರಿಸಲಿಲ್ಲ. ಹಣೆಯ ತನಕ ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತುಬಿಟ್ಟಳು.

ನೂರು ಪ್ರಶ್ನೆ ಹಾಕಿದ ಶಾಣ್ಯಾಳಾದ ನನಗೆ ಇದೊಂದು ಹೊಳೆದಿರಲಿಲ್ಲ. ಅವರ ಮನೆಯಲ್ಲಿ ಸೊಸೆಯಂದಿರು ಗಂಡನ ಅಣ್ಣನ ಎದುರು ತಲೆ ಎತ್ತುವುದಿಲ್ಲ. ಲಗ್ನವಾದಾಗಿನಿಂದ ಅಕ್ಕ ಅವನ ತಾಟಿಗೆ ರೊಟ್ಟಿ ಹಾಕಿದ್ದಾಳೆ, ಬಾಗಿಲ ಮರೆಯಲ್ಲಿ ನಿಂತು ಅವನ ಮಾತು ಕೇಳಿದ್ದಾಳೆ, ಮುಖ ನೋಡಿದವಳಲ್ಲ. ಗಂಡನನ್ನೇ ಹೆಸರು ಹಿಡಿದು ಕೂಗುವ ನಾನು ಅದನ್ನು ಮರೆತೇಬಿಟ್ಟಿದ್ದೆ.

"ಸಾಕ್ಷಿಗೆ ಗುರುತು ಸಿಗವಲ್ದು ಸ್ವಾಮಿ" ಎಂದು ಎದುರು ವಕೀಲ ನಕ್ಕ. ಎದ್ದು ಕೂಗಬೇಕೆನಿಸಿತು. ಕಾನೂನು ಕಲಿಸುವವಳು, ಬೆಂಚಿನ ಅಂಚು ಹಿಡಿದು ಕೂತೆ.

ನ್ಯಾಯಾಧೀಶರು ಮೆತ್ತಗೆ ಕೇಳಿದರು: "ಅಂಜಬೇಡಮ್ಮಾ. ಇದ್ದಾರೋ, ಇಲ್ಲವೋ?"

ಅಕ್ಕ ಸೆರಗನ್ನು ಹೆಗಲಿಗೆ ಸರಿಸಿದಳು. ಆರೋಪಿಯ ಕಟಕಟೆಯ ಕಡೆ ತಿರುಗಿ, ತಲೆ ಎತ್ತಿ ಅವನನ್ನು ನೋಡಿದಳು, ನೋಡುತ್ತಲೇ ನಿಂತಳು. ಗುರುತು ಹಿಡಿಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಇವರ ರೀ" ಎಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಭಾವಾರ, ನಿಮ್ಮನ್ನ ಊಟಕ್ಕ ಕರಿಯಾಕ ಬಂದಿದ್ರು. ನಿಮಗಂತ ರೊಟ್ಟಿ ಹಾಕಿ ತಾಟು ಹಚ್ಚಿಟ್ಟಿದ್ದೆ. ಯಾಕ ಹೊಡದ್ರಿ?"

ಎದುರು ವಕೀಲ ತಟ್ಟನೆ ಎದ್ದು ತಕರಾರು ಮಾಡಿದ. ನ್ಯಾಯಾಧೀಶರು, "ಕೇಳಿದ್ದಕ್ಕೆ ಮಾತ್ರ ಹೇಳಬೇಕಮ್ಮಾ" ಎಂದರು. 'ಸಾಕ್ಷಿಯು ಆರೋಪಿಯನ್ನು ಗುರುತಿಸುತ್ತಾಳೆ' ಎಂದಷ್ಟೇ ಬರೆಸಿದರು. ನಿಯಮ ಅದೇ. ಅವರ ಜಾಗದಲ್ಲಿದ್ದರೆ ನಾನೂ ಅಷ್ಟೇ ಬರೆಸುತ್ತಿದ್ದೆ.

ಹೊರಗೆ ಚಹಾದ ಅಂಗಡಿಯ ಮುಂದೆ ಅಕ್ಕನನ್ನು ಕೂರಿಸಿದೆ. ನನಗೆ ಕೂರಲಾಗಲಿಲ್ಲ. ತೀರ್ಪು ಎಂದು ಬರುತ್ತದೋ, ಏನು ಬರುತ್ತದೋ, ಇವತ್ತಿಗೂ ಗೊತ್ತಿಲ್ಲ.

"ನಾ ಹೇಳಿದ್ದು ಬರ್ಕೊಂಡ್ರೇನು?" ಎಂದು ಅಕ್ಕ ಕೇಳಿದಳು.

"ಗುರುತು ಹಿಡಿದದ್ದು ಬರ್ಕೊಂಡ್ರು."

"ಊಟದ್ದು?"

ಇಲ್ಲ ಎಂದೆ. ಅವಳು ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಕಪ್ಪು ಕೆಳಗಿಟ್ಟಳು. ಸೆರಗು ಇನ್ನೂ ಹೆಗಲ ಮೇಲೇ ಇತ್ತು.

"ಹೋಗ್ಲಿ ಬಿಡು. ತಾಟು ಹಚ್ಚಿದ್ದೆ ಅಂದ ಕೂಡ್ಲೆ ಭಾವಾರು ತಲಿ ತಗ್ಗಿಸಿದ್ರು," ಎಂದಳು. "ನೀ ನೋಡಿದಿ ಇಲ್ಲೋ?"