ಟಾರ್ಪಾಲಿನ ಮೇಲಿನ ಸಂಡಿಗೆ

ಬಹರೈನಿನ ಮಾಹೂಝಿನಲ್ಲಿ ನಾವು ಬಾಡಿಗೆಗಿದ್ದ ಹಳೆಯ ವಿಲ್ಲಾದ ಹಿತ್ತಲಲ್ಲಿ ಈಜುಕೊಳವಿತ್ತು. ನವೆಂಬರ್ ಮುಗಿಯುವ ಹೊತ್ತಿಗೆ ನೀರು ತಣ್ಣಗಾಗಿ ಯಾರೂ ಇಳಿಯುತ್ತಿರಲಿಲ್ಲ. ಆಗ ಅದನ್ನು ಮುಚ್ಚಿಕೊಡಲು ಮಂಗಳೂರು ಕಡೆಯ ಹಿರಿಯರೊಬ್ಬರು ಬರುತ್ತಿದ್ದರು. ಕೊಳವನ್ನು ಖಾಲಿ ಮಾಡುವಂತಿಲ್ಲ. ಮಾಡಿದರೆ ನೆಲದಡಿಯ ನೀರು ಒತ್ತಿ ಟೈಲ್ಸ್ ಎಬ್ಬಿಸಿಬಿಡುತ್ತದೆ. ಕ್ಲೋರಿನ್ ಹಾಕಿ, ಮೇಲೆ ಹೊದಿಸಬೇಕು ಅಷ್ಟೆ.

“ಬಲೆ ಹಾಕುವ, ಅಮ್ಮಾ,” ಎಂದರು ಅವರು ಆ ವರ್ಷ. “ಕೆಳಗೆ ನೀರು ಉಂಟು ಅಂತ ಮಕ್ಕಳಿಗೆ ಕಾಣ್ತದೆ.”

ನನಗೆ ಕಸ ಕಂಡರಾಗದು. ಬಲೆಯಾದರೆ ಧೂಳೆಲ್ಲ ಒಳಗೆ ಬೀಳುತ್ತದೆ, ಟಾರ್ಪಾಲೇ ಬೇಕು ಎಂದು ಹಟ ಹಿಡಿದೆ. ಅವರು ನೀಲಿ ಟಾರ್ಪಾಲನ್ನು ಬಿಗಿಯಾಗಿ ಎಳೆದು, ಸುತ್ತ ಮರಳಿನ ಚೀಲ ಹೇರಿ ಹೋದರು. ಎರಡು ದಿನ ಬೀಸಿದ ಗಾಳಿಗೆ ಅದರ ಮೇಲೆ ಮಣ್ಣು ಕೂತು ಥೇಟ್ ಅಂಗಳವೇ ಆಯಿತು. ಹತ್ತಿರ ಹೋದರೆ ಅಡಿಯಲ್ಲಿ ನೀರು ಗುಳುಗುಳು ಅನ್ನುವುದು ಕೇಳುತ್ತಿತ್ತು. ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ.

ಬಹರೈನಿಗೆ ಬಂದಾಗಿನಿಂದ ಸಂಡಿಗೆ ಒಣಹಾಕಲು ಜಾಗವಿಲ್ಲವೆಂದು ಗೊಣಗುತ್ತಿದ್ದವಳು ನಾನು. ಒಂದು ಶುಕ್ರವಾರ, ರಜೆಯ ಬೆಳಿಗ್ಗೆ, ಕೊಳದ ಕಟ್ಟೆಯ ಮೇಲೆ ಕೂತು, ಟಾರ್ಪಾಲಿನ ಅಂಚಿನಲ್ಲಿ ಬಿಳಿ ಪಂಚೆ ಹಾಸಿ ಬೂದುಗುಂಬಳದ ಸಂಡಿಗೆ ಇಟ್ಟೆ. ಐದು ವರ್ಷದ ಮಗಳಿಗೆ, ಚಿಕ್ಕವರಿದ್ದಾಗ ಮನೆಯ ಹಿರಿಯರು ನಮಗೆ ಹೇಳುತ್ತಿದ್ದ ಕೆಲಸವನ್ನೇ ಹೇಳಿದೆ: “ಹಕ್ಕಿ ಬಂದ್ರೆ ಓಡ್ಸು ಪುಟ್ಟಿ.” ಆ ಕಡೆ ಸುಳಿಯಬೇಡವೆಂದು ಅವಳಪ್ಪ ಹೇಳಿದ್ದರು. ಅಮ್ಮನೇ ಅಲ್ಲಿ ಕೂತಿರುವಾಗ ಅಪ್ಪನ ಮಾತು ಯಾರಿಗೆ ಬೇಕು!

ಉಳಿದ ಹಿಟ್ಟು ತರಲು ಒಳಗೆ ಹೋದೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಮೈನಾ ಹಕ್ಕಿಯೊಂದು ಪಂಚೆಯಿಂದ ಹಾರಿ ಟಾರ್ಪಾಲಿನ ನಡುವೆ ಹೋಗಿ ಕೂತಿತು. ಮಗಳು “ಹುಶ್” ಎನ್ನುತ್ತ ಅದರ ಹಿಂದೆಯೇ ಓಡಿದಳು. ಒಂದು ಹೆಜ್ಜೆ, ಎರಡು ಹೆಜ್ಜೆ. ಮರಳಿನ ಚೀಲ ಜಾರಿತು. ಟಾರ್ಪಾಲು ಮಡಚಿಕೊಂಡು ಅವಳನ್ನು ಒಳಗೆಳೆದುಕೊಂಡಿತು.

ಹೇಗೆ ಓಡಿದೆನೋ ಗೊತ್ತಿಲ್ಲ. ಫ್ರಾಕಿನ ತುದಿ ಕೈಗೆ ಸಿಕ್ಕಿತು, ಎಳೆದು ಕಟ್ಟೆಗೆ ಹಾಕಿದೆ. ಅವಳು ಕೆಮ್ಮಿ, ನೀರು ಕಾರಿ, ಜೋರಾಗಿ ಅತ್ತಳು. ಆಗ ನನಗೆ ಜೀವ ಬಂತು.

ಅಳು ಕೇಳಿ ಹೊರಬಂದ ನಮ್ಮ ಯಜಮಾನರು ಅವಳನ್ನೇ ಬೈದರು. “ಅಲ್ಲಿ ಕಾಲಿಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?”

ಪಂಚೆ, ಸಂಡಿಗೆ ಎಲ್ಲ ನೀರಿನಡಿ ಸೇರಿದ್ದವು. ಅವರ ಕಣ್ಣಿಗೆ ಬೀಳಲಿಲ್ಲ. ನಾನು ಒಳಗೆ ಓಡಿ ಟವೆಲ್ ತಂದೆ.

“ಅಮ್ಮನೇ...” ಎಂದಳು ಮಗಳು.

ತಲೆ ಒರೆಸುವ ನೆಪದಲ್ಲಿ ನಾನು ಟವೆಲನ್ನು ಅವಳ ಬಾಯಿಗೆ ಅಡ್ಡ ಹಿಡಿದೆ.