ಉಪ್ಪು ಇದ್ದಿಲು ಹಾಕಿದ ಗುಂಡಿ

ಅವನು ಯಾವುದನ್ನೇ ಮುಟ್ಟಲಿ, ಮೊದಲು ಹಿಂಗೈಯಿಂದ ಮುಟ್ಟುತ್ತಿದ್ದ. ಬಾಗಿಲ ಚಿಲಕ, ನಲ್ಲಿ, ಕಿಟಕಿಯ ಸರಳು, ಕೊನೆಗೆ ನಾನು ಕೊಟ್ಟ ಕಾಫಿ ಲೋಟವನ್ನೂ ಬಲಗೈ ಬೆರಳುಗಳ ಹಿಂಭಾಗದಿಂದ ಒಮ್ಮೆ ಸವರಿ ಆಮೇಲೆ ಹಿಡಿಯುತ್ತಿದ್ದ. ಆ ಗೆಣ್ಣುಗಳ ಮೇಲೆ ಒಂದೂ ಕೂದಲಿರಲಿಲ್ಲ. ಸುಟ್ಟು ವಾಸಿಯಾದ ಚರ್ಮ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಇದೇನಪ್ಪಾ, ನಮ್ಮನೆ ಲೋಟ ಕಚ್ಚುತ್ತಾ?" ಎಂದು ಮೊದಲ ದಿನ ಕೇಳಿದೆ.

"ಅಂಗೈಲಿ ಮುಟ್ಟಿದ್ರೆ ಕರೆಂಟು ಕೈನ ಮುಚ್ಚಿಸಿ ಹಿಡ್ಕೊಂಬಿಡುತ್ತೆ ಅವ್ವಾ. ಹಿಂಗೈ ಆದ್ರೆ ಒದ್ದು ಆಚೆ ಬಿಸಾಕುತ್ತೆ. ಅಭ್ಯಾಸ ಆಗೋಯ್ತು. ಹೆಂಡ್ತಿ ಕೆನ್ನೇನೂ ಹಿಂಗೇ ಮುಟ್ತೀನಿ ಅಂತ ಅವಳು ಬೈತಾಳೆ."

ಮುಳಬಾಗಿಲ ಕಡೆಯವನು, ಮನೆಮಾತು ತೆಲುಗು. ಅದಕ್ಕೇ ನನ್ನನ್ನು ಅಜ್ಜಿ ಎನ್ನದೆ ಅವ್ವ ಎನ್ನುತ್ತಿದ್ದ. ಮಾಸ್ತಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸುತ್ತಲ ಊರುಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ನಮ್ಮೂರಿನಲ್ಲಿ ಅವನ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಕರೆಂಟಿನವನು ಎಂದರೆ ಅವನೇ.

ಅವನು ನಮ್ಮ ಮನೆಗೆ ಬಂದದ್ದು ನಾವು ಹೆಂಚು ಇಳಿಸಿ ಮೋಲ್ಡ್ ಹಾಕಿಸಿದ ವರ್ಷ. ಹಳೇ ಮನೆ ಸೋರುತ್ತಿತ್ತು. ರಿಪೇರಿ ಮಾಡಿಸೋಣ ಎಂದು ಮಗ ಒಬ್ಬ ಕಂಟ್ರಾಕ್ಟ್ ಮೇಸ್ತ್ರಿಯನ್ನು ಹಿಡಿದು ತಂದ. ಮೇಸ್ತ್ರಿ ಮೂರು ತಿಂಗಳೆಂದ. ಮೂರು ತಿಂಗಳಿಗೆ ಹೆಂಚು ಇಳಿಸಿದ್ದಷ್ಟೇ ಆಯಿತು. ಒಂದಿಡೀ ಮಳೆಗಾಲ ನಾವು ಕೊಟ್ಟಿಗೆಯಲ್ಲಿ ಹಸುಗಳ ಜೊತೆ ಮಲಗಿದೆವು. ಫೋನ್ ಮಾಡಿದಾಗೆಲ್ಲ ಮೇಸ್ತ್ರಿಯ ಮನೆಯಲ್ಲಿ ಯಾರಾದರೂ ಸತ್ತಿರುತ್ತಿದ್ದರು. ಅವನ ಅತ್ತೆ ಒಬ್ಬಳೇ ಎರಡು ಸಲ ಸತ್ತಳು. ಎರಡನೇ ಸಲ ನಾನೇ ಮಗನ ಕೈಯಿಂದ ಫೋನ್ ಕಿತ್ತುಕೊಂಡು, "ಯಾಕಪ್ಪಾ, ಹೋದ ತಿಂಗಳು ಸರಿಯಾಗಿ ಸುಟ್ಟಿರಲಿಲ್ವಾ?" ಎಂದೆ. ಮಾರನೇ ದಿನವೇ ಸೆಂಟ್ರಿಂಗ್ ಸಾಮಾನು ಬಂತು.

ಕರೆಂಟಿನವನು ಹಾಗಲ್ಲ. ಎಂಟಕ್ಕೆ ಬರುತ್ತೇನೆ ಎಂದರೆ ಎಂಟಕ್ಕೆ ಅವನ ಮೊಪೆಡ್ ಸದ್ದು ಕೇಳುತ್ತಿತ್ತು. ಮೇಸ್ತ್ರಿಗೂ ಅವನಿಗೂ ಮೊದಲ ವಾರವೇ ಜಗಳವಾಯಿತು. ಮನೆಯ ಮೂಲೆಯಲ್ಲಿ ಗುಂಡಿ ತೋಡಿ ಕಬ್ಬಿಣದ ಪೈಪು ಹೂಳಿ ಅರ್ತಿಂಗ್ ಮಾಡಬೇಕೆಂದು ಇವನು, ಬೇಡವೆಂದು ಅವನು.

"ದೀಪ ಉರಿಯುತ್ತೆ, ಫ್ಯಾನ್ ತಿರುಗುತ್ತೆ. ಇನ್ನೇನು ಬೇಕಯ್ಯಾ? ಅರ್ತಿಂಗ್ ಗಿರ್ತಿಂಗ್ ಎಲ್ಲಾ ಆಮೇಲೆ ನೋಡ್ಕೊಳ್ಳೋಣ," ಎಂದ ಮೇಸ್ತ್ರಿ.

"ಆಮೇಲೆ ಅಂದ್ರೆ ಯಾರು ಹೋದಮೇಲೆ ಅಣ್ಣಾ?"

ಅಷ್ಟು ಹೇಳಿ ಸಾಮಾನಿನ ಚೀಲ ಕಟ್ಟಿಕೊಂಡು ಹೊರಟೇಹೋದ. ಮಗ ಮಾಸ್ತಿಗೆ ಹೋಗಿ, ಪೈಪು ತರಿಸಿಟ್ಟಿದ್ದೇನೆ ಎಂದಮೇಲೇ ತಿರುಗಿ ಬಂದದ್ದು.

ಇನ್ನು ನನ್ನ ವಿಷಯ. ಹೇಳಲೇಬೇಕು.

ಅವನು ಗುಂಡಿ ತೋಡಿದಾಗ ನಾನು ಊರಲ್ಲಿರಲಿಲ್ಲ. ಶ್ರೀನಿವಾಸಪುರದಲ್ಲಿ ಮಗಳ ಮನೆಗೆ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದಾಗ ಮಗ ಟೊಮೇಟೊ ಹಾಕಿಕೊಂಡು ಕೋಲಾರದ ಮಂಡಿಗೆ ಹೋಗಿದ್ದ. ಸೊಸೆ ಹುಲ್ಲಿಗೆ ಹೋಗಿದ್ದಳು. ಒಬ್ಬಳೇ ಅಂಗಳ ಗುಡಿಸುತ್ತಿದ್ದಾಗ ಈಶಾನ್ಯದ ಮೂಲೆಯಲ್ಲಿ ಹೊಸ ಮಣ್ಣು ಕಂಡಿತು. ಪೊರಕೆ ಆಡಿಸಿದೆ. ಕಲ್ಲುಪ್ಪು ಎದ್ದಿತು. ಅದರ ಜೊತೆ ಇದ್ದಿಲು.

ಯಾರದೋ ಬಾಗಿಲಲ್ಲಿ ಬಿದ್ದಿದ್ದ ಕುಂಕುಮದ ನಿಂಬೆಹಣ್ಣನ್ನು ತೊಳೆದು ಚಿತ್ರಾನ್ನಕ್ಕೆ ಹಿಂಡಿಕೊಂಡವಳು ನಾನು. ಮಾಟ ಮಂತ್ರ ಎಂದವರನ್ನು ಊರ ತುಂಬ ಆಡಿಕೊಂಡು ನಕ್ಕವಳು. ಆದರೆ ನನ್ನ ಬಾಗಿಲಿಗೆ ಬಂದಾಗ ಪೊರಕೆ ಬಿಸಾಕಿ ಹಿಂದೆ ಸರಿದೆ. ಆಗ ಗೋಡೆಯ ಜಾಗಕ್ಕಾಗಿ ದಾಯಾದಿಗಳ ಜೊತೆ ಮಾತು ಬಿಟ್ಟಿದ್ದೆವು. ಅವರೇ ಹೂಳಿಸಿದ್ದಾರೆ ಎಂದುಕೊಂಡೆ. ಹಾರೆ ತಂದು ಮೊಣಕಾಲುದ್ದ ಅಗೆದೆ. ಉಪ್ಪು, ಇದ್ದಿಲು, ಮತ್ತೆ ಉಪ್ಪು. ಮಧ್ಯೆ ನಿಂತಿದ್ದ ಪೈಪು ಅಲುಗಲಿಲ್ಲ; ಕರೆಂಟಿನವನ ಪೈಪಿನ ಜಗಳ ಆ ಭಯದಲ್ಲಿ ನೆನಪಿಗೇ ಬರಲಿಲ್ಲ. ಪೈಪಿಗೆ ಬಿಗಿದಿದ್ದ ತಂತಿಯನ್ನು ಹಾರೆಯಿಂದ ಕುಟ್ಟಿ ಕುಟ್ಟಿ ತುಂಡು ಮಾಡಿದೆ. ಸಿಕ್ಕಿದ್ದನ್ನೆಲ್ಲ ಮಂಕರಿಯಲ್ಲಿ ತುಂಬಿ ಕೆರೆಗೆ ಸುರಿದು, ಗುಂಡಿ ಮುಚ್ಚಿ ಸಗಣಿ ಸಾರಿಸಿದೆ. ಕರೆದಾಗ ಬಾರದ ಮೇಸ್ತ್ರಿ ಆವತ್ತು ಮಧ್ಯಾಹ್ನ ಕರೆಯದೆ ಬಂದು, ಪೈಪಿನ ಬಾಯಿ ಮಾತ್ರ ಬಿಟ್ಟು, ಆ ಮೂಲೆಗೆ ಚಪ್ಪಡಿ ಹಾಸಿ ಸಿಮೆಂಟು ಬಳಿದು ಹೋದ.

ಎರಡು ದಿನ ಬಿಟ್ಟು ಕರೆಂಟಿನವನು ಫ್ಯಾನು ಹಾಕಲು ಬಂದ. ಆ ಪೈಪಿನ ಬಾಯನ್ನು ತೋರಿಸಿ, "ಅವ್ವಾ, ನೀವಿಲ್ಲದಾಗ ಉಪ್ಪು ಇದ್ದಿಲು ತುಂಬಿ ಅರ್ತಿಂಗ್ ಮಾಡಿದೀನಿ. ಮೋಟರಿಂದ ಕರೆಂಟು ಸೋರಿದ್ರೂ ನಿಮ್ಮ ಮೈಮೇಲೆ ಬರಲ್ಲ, ಇದ್ರಲ್ಲಿ ಇಳಿದು ಭೂಮಿಗೆ ಹೋಗುತ್ತೆ. ಬೇಸಿಗೇಲಿ ಇದಕ್ಕೆ ನೀಳ್ಳು ಪೊಯ್ಯಬೇಕು, ಒಂದೊಂದು ಬಿಂದಿಗೆ ನೀರು. ಮರೀಬೇಡಿ," ಎಂದ.

ಹಿಂದೆ ಸೊಸೆ ನಿಂತಿದ್ದಳು, ಗಾರೆ ಕೆಲಸದವರಿದ್ದರು. ನಿಂಬೆಹಣ್ಣು ಹಿಂಡಿಕೊಂಡ ಮುದುಕಿ ಉಪ್ಪಿಗೆ ಹೆದರಿದಳು ಎಂದು ಊರೆಲ್ಲ ನಗುತ್ತದೆ. ಅಷ್ಟೇ ನನಗೆ ಹೊಳೆದದ್ದು. "ಹೂಂ," ಎಂದೆ.

ಬೇಸಿಗೆಯಲ್ಲಿ ನೀರು ಹಾಕಿದೆ. ಮರೆಯದೆ ಹಾಕಿದೆ. ಕೆಳಗೆ ತಂತಿಯಿಲ್ಲದ ಪೈಪಿಗೆ ದಿನಕ್ಕೊಂದು ಬಿಂದಿಗೆ. ಅವನು ಊರಿಗೆ ಬಂದಾಗೆಲ್ಲ ಗೇಟಿನಿಂದಲೇ, "ನೀಳ್ಳು ಹಾಕ್ತಿದೀರಾ ಅವ್ವಾ?" ಎನ್ನುವನು. "ಹಾಕ್ತಿದೀನಿ ಕಣಪ್ಪಾ," ಎನ್ನುವೆನು. ಸುಳ್ಳಲ್ಲ.

ಎರಡನೇ ವರ್ಷದ ಮಳೆಗಾಲಕ್ಕೆ ಸೀಮೆಹಸು ಕಲ್ಲುಬಾನಿಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿತು. ಬಾನಿಗೆ ಸಂಪಿನ ಮೋಟರಿಂದ ಕಬ್ಬಿಣದ ಪೈಪಿನಲ್ಲಿ ನೀರು ಬರುತ್ತಿತ್ತು. ಮೋಟರು ಓಡುವಾಗ ಹಸು ಬಾಯಿ ಚಾಚುವುದು, ಥಟ್ಟನೆ ಹಿಂದಕ್ಕೆ ಜಿಗಿದು ಕಣ್ಣು ಅಗಲಿಸಿ ಏನೂ ಇಲ್ಲದ ಕಡೆ ನೋಡುತ್ತಾ ನಿಲ್ಲುವುದು. ಮೂಗಿನ ಹೊಳ್ಳೆ ಅದುರುವುದು. ಸೊಸೆಗೆ ನಲ್ಲಿ ತಿರುಗಿಸಿದರೆ ಕೈ ಜುಮ್ಮೆನ್ನುತ್ತಿತ್ತು.

"ಅತ್ತೇ, ಈ ಮನೇಲಿ ಏನೋ ಇದೆ. ನನ್ನ ಕೈನ ಯಾರೋ ಹಿಡ್ಕೊಂಡಂಗಾಯ್ತು," ಎಂದಳು.

"ಮಳೆಗೆ ತೇವ ಕಣೇ. ನೆಲ ತಣ್ಣಗಿದೆ, ಚಪ್ಪಲಿ ಹಾಕ್ಕೊಂಡು ಹೋಗು," ಎಂದೆ. ನಾನೂ ರಬ್ಬರು ಚಪ್ಪಲಿ ಹಾಕಿಕೊಂಡೇ ನಲ್ಲಿಯ ಹತ್ತಿರ ಹೋಗತೊಡಗಿದೆ. ಹಿಂದೆ ಎಂದೂ ಮನೆಯಲ್ಲಿ ಚಪ್ಪಲಿ ಮೆಟ್ಟಿದವಳಲ್ಲ. ಕರೆಂಟಿನವನನ್ನು ಕರೆಯಲಾ ಎಂದು ಮಗ ಕೇಳಿದ. ಬೇಡ ಎಂದೆ. ಬಂದರೆ ಅಗೆಯುತ್ತಾನೆ, ಅಗೆದರೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಸೊಸೆ ಮೋಟರು ಹಾಕಿ ಹಾಲಿನ ಕ್ಯಾನು ತರಲು ಒಳಗೆ ಬಂದಳು. ಹೊರಗೆ ಧಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಹಸು ಮೂತಿಯನ್ನು ಬಾನಿಯೊಳಗಿಟ್ಟೇ ಕುಸಿದಿತ್ತು. ಬಾಯಾರಿಕೆ ಭಯವನ್ನು ಮೀರಿತ್ತು. ಸೊಸೆ ಅದನ್ನು ಎಬ್ಬಿಸಲು ಓಡಿದಳು. ನಾನು ಅವಳ ಜಡೆ ಹಿಡಿದು ಎಳೆದು ಬೀಳಿಸಿದೆ. ಮಗ ಸ್ವಿಚ್ ಆರಿಸಿದ. ನಾನು ಕೈಯಾರೆ ಮಾಡಿದ ಒಳ್ಳೆಯ ಕೆಲಸ ಅದೊಂದೇ. ಅಲ್ಲಿ ಅಪಾಯವಿದೆ ಎಂದು ಅವಳಿಗಿಂತ ಮೊದಲು ನನಗೇ ಹೇಗೆ ಹೊಳೆಯಿತು ಎಂದು ಆವತ್ತು ಯಾರೂ ಕೇಳಲಿಲ್ಲ.

ಕರೆಂಟಿನವನು ಬರುವಷ್ಟರಲ್ಲಿ ಊರು ನೆರೆದಿತ್ತು. ಮೇಸ್ತ್ರಿಯೂ ಬಂದಿದ್ದ. ಮಗ ಬೀದಿಯಲ್ಲೇ ಕರೆಂಟಿನವನ ಅಂಗಿ ಹಿಡಿದ.

"ಎಂಥಾ ಅರ್ತಿಂಗ್ ಮಾಡಿದೀಯಾ ನೀನು? ನನ್ನ ಹೆಂಡ್ತಿ ಹೋಗ್ತಿದ್ಲಲ್ಲೋ!"

"ಭಾರಿ ರೂಲ್ಸು ಮಾತಾಡ್ತಿದ್ದ. ನೋಡಿ ಈಗ, ಇವನ ರೂಲ್ಸು ಬಾನಿ ಮುಂದೆ ಬಿದ್ದಿದೆ," ಎಂದ ಮೇಸ್ತ್ರಿ.

ಕರೆಂಟಿನವನು ಅಂಗಿ ಬಿಡಿಸಿಕೊಂಡ. ಮೋಟರನ್ನು ನೋಡಿದ, ಬೋರ್ಡನ್ನು ನೋಡಿದ, ಆಮೇಲೆ ಚಪ್ಪಡಿ ಒಡೆದು ಅಗೆಯಲು ಕೂತ. ಉಪ್ಪಿಲ್ಲ, ಇದ್ದಿಲಿಲ್ಲ. ತುಂಡಾದ ತಂತಿಯ ತುದಿ ಸಿಕ್ಕಿತು. ಅದನ್ನು ಮಣ್ಣು ಒರೆಸಿ ಕಣ್ಣ ಹತ್ತಿರ ಹಿಡಿದ. ತುದಿ ಚಪ್ಪಟೆಯಾಗಿತ್ತು, ಪೈಪಿನ ಮೇಲೆ ಹಾರೆಯ ಗುರುತು ಬಿದ್ದಿತ್ತು. ತಲೆಯೆತ್ತಿ ಸುತ್ತ ನಿಂತವರ ಮುಖ ಒಂದೊಂದನ್ನೇ ನೋಡುತ್ತಾ ಬಂದು ನನ್ನ ಮುಖದ ಮೇಲೆ ದೃಷ್ಟಿ ನಿಲ್ಲಿಸಿದ. ಆಮೇಲೆ ಅವನ ಕಣ್ಣು ನನ್ನ ಕಾಲಿಗೆ ಇಳಿಯಿತು. ಊರೆಲ್ಲ ಬರಿಗಾಲಲ್ಲಿ ಓಡಿ ಬಂದಿತ್ತು. ನನ್ನ ಮನೆಯ ಹೊಸ್ತಿಲಲ್ಲಿ ನಾನೊಬ್ಬಳೇ ರಬ್ಬರು ಚಪ್ಪಲಿ ಹಾಕಿಕೊಂಡು ನಿಂತಿದ್ದೆ.

ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು.

"ತಪ್ಪು ನಂದೇ ಅಣ್ಣಾ," ಎಂದ ಮಗನಿಗೆ. "ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ."

ಜನ ಚದುರಿದ ಮೇಲೆ, ಹಸುವನ್ನು ಸಾಗಿಸಲು ಮಗ ಟ್ರಾಕ್ಟರ್ ತರಲು ಹೋದಾಗ, ಅವನು ಗುಂಡಿಯನ್ನು ಹೊಸದಾಗಿ ತೋಡಿ ಪೈಪಿಗೆ ಬೇರೆ ತಂತಿ ಬಿಗಿದ. "ಅವ್ವಾ, ಉಪ್ಪು ತನ್ನಿ," ಎಂದ. ಅಡಿಗೆಮನೆಯ ಮಡಕೆಯನ್ನೇ ತಂದೆ. ಕೈ ಚಾಚಿದರೆ ತೆಗೆದುಕೊಳ್ಳಲಿಲ್ಲ. "ನೀವೇ ಹಾಕಿ," ಎಂದ. ನಾನು ಕುಕ್ಕರುಗಾಲಲ್ಲಿ ಕೂತು ಹಿಡಿ ಹಿಡಿ ಉಪ್ಪು ಹಾಕಿದೆ. ಅವನು ಇದ್ದಿಲು ಹಾಕಿದ.

"ಯಾಕವ್ವಾ?"

"ಮಾಟ ಅನ್ಕೊಂಡೆ ಕಣಪ್ಪಾ."

ಅವನು ಬೈದಿದ್ದರೆ ಚೆನ್ನಾಗಿತ್ತು. "ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ," ಎಂದ. ಮಣ್ಣು ಎಳೆದು ಮುಚ್ಚುತ್ತಾ, "ಇವತ್ತು ಅಣ್ಣ ಬೆಂಕಿಯಾಗಿದಾನೆ, ಈ ವಯಸ್ಸಲ್ಲಿ ನಿಮ್ಮನ್ನ ಬೀದೀಲಿ ನಿಲ್ಲಿಸೋದು ಬೇಡ. ನಾಳೆ ನೀವೇ ಹೇಳಿಬಿಡಿ. ನನ್ನ ಕೆಲಸದ ಮಾತು ಅವ್ವಾ ಇದು," ಎಂದ.

ಹೇಳುತ್ತೇನೆ ಎಂದೆ.

ಮಾರನೇ ದಿನ ಮಗನ ಮುಖ ನೋಡಿದೆ, ಹೇಳಲಿಲ್ಲ. ಅದರ ಮಾರನೇ ದಿನ ಸೊಸೆಗೆ ಜ್ವರ ಬಂತು. ಆಮೇಲೆ ಗೌರಿಹಬ್ಬ. ಹೇಳದಿರಲು ದಿನಕ್ಕೊಂದು ಕಾರಣ ಸಿಗುತ್ತಿತ್ತು. ಮೇಸ್ತ್ರಿಯ ಅತ್ತೆ ಸಾಯುತ್ತಿದ್ದ ಹಾಗೆ.

ಊರು ಅವನಿಗೆ ಹೆಸರಿಟ್ಟಿತು. ಹಸು ಕೊಂದವನು. ನಮ್ಮೂರಿನಲ್ಲಿ ಆಮೇಲೆ ನಾಲ್ಕು ಮನೆ ಎದ್ದವು, ಒಂದಕ್ಕೂ ಅವನನ್ನು ಕರೆಯಲಿಲ್ಲ. ಮೇಸ್ತ್ರಿ ತನ್ನ ಕಡೆಯವನೊಬ್ಬನಿಂದ ವೈರು ಎಳೆಸಿದ. ಒಂದರಲ್ಲೂ ಗುಂಡಿಯಿಲ್ಲ. ಅವನು ಬೇರೆ ಊರಿಗೆ ಹೋಗುವಾಗ ನಮ್ಮ ಗೇಟಿನ ಮುಂದೆ ಮೊಪೆಡ್ ನಿಧಾನ ಮಾಡುತ್ತಿದ್ದ. ಹೇಳಿದಿರಾ ಎಂದು ಒಂದು ಸಲವೂ ಕೇಳಲಿಲ್ಲ. ನಿಧಾನ ಮಾಡುವನು, ನೋಡುವನು, ಹೋಗುವನು. ಮೂರು ವರ್ಷ ಹಾಗೆ. ನಾನು ಸದ್ದು ಕೇಳಿದರೆ ಒಳಗೆ ಸರಿಯುತ್ತಿದ್ದೆ.

ಮನೆ ಕೆಲಸ ಸಿಗದೆ ಲಕ್ಕೂರಿನ ಕಡೆ ಫ್ಯಾಕ್ಟರಿಗಳ ಶೆಡ್ ಕಟ್ಟುವಲ್ಲಿ ಕೂಲಿಗೆ ಸೇರಿದನಂತೆ. ಅಲ್ಲಿ ಗುಂಡಿ ತೋಡಿ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ. ಹೋದ ಚಳಿಗಾಲದಲ್ಲಿ ಶೀಟಿನ ಮೇಲಿಂದ ಬಿದ್ದ. ಶಾಕ್ ಹೊಡೆದು ಬಿದ್ದ ಎಂದು ಕೆಲವರು, ಕಾಲು ಜಾರಿತು ಎಂದು ಕೆಲವರು. ನಾನು ವಿಚಾರಿಸಲಿಲ್ಲ. ನಾನೇ ಕೊಂದೆ ಎಂದು ಎದೆ ಬಡಿದುಕೊಳ್ಳುವವಳಲ್ಲ ನಾನು. ಕೊಲ್ಲಲಿಲ್ಲ ಎಂದೂ ಹೇಳಲಾರೆ.

ತಿಥಿ ಮುಗಿದ ಮೇಲೆ ಮಾಸ್ತಿಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ಕೂತು ಮಾರಲು ಹೂ ಕಟ್ಟುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಹಾರೆಯಿಂದ ಚಪ್ಪಲಿಯವರೆಗೆ. ಅವಳ ಕೈ ನಿಲ್ಲಲಿಲ್ಲ.

"ನನಗೂ ಹೇಳಿರಲಿಲ್ಲ ಅವರು," ಎಂದಳು. "ಬೋಲ್ಟು ಬಿಗಿದಿರಲಿಲ್ಲ ಅಂದಾಗ್ಲೇ ಸುಳ್ಳು ಅಂತ ತಿಳೀತು ನಂಗೆ. ಈ ಮನೆ ಸ್ಟವ್ ಸ್ಕ್ರೂನೂ ದಿನಾ ಬಿಗೀತಿದ್ದ ಮನುಷ್ಯ." ದಾರವನ್ನು ಹಲ್ಲಿಂದ ಕಡಿದಳು. "ನಂಗ್ಯಾಕೆ ಬಂದು ಹೇಳ್ತೀರ? ನಂಗೆ ಅನುಮಾನ ಇತ್ತಾ? ಅನುಮಾನ ಪಟ್ಟೋರು ನಿಮ್ಮೂರಲ್ಲಿದಾರೆ. ಅಲ್ಲಿ ಹೇಳಿ."

ಕೂರು ಎನ್ನಲಿಲ್ಲ. ನಾನೂ ಕೂರಲಿಲ್ಲ.

ಮಾರನೇ ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ಸಾಲಿನಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು, ಮಗನೂ ಇದ್ದ. ಗಟ್ಟಿಯಾಗಿ ಹೇಳಿದೆ: "ಕರೆಂಟಿನವನು ಹಸು ಕೊಲ್ಲಲಿಲ್ಲ. ಅವನ ತಂತಿ ಕಿತ್ತವಳು ನಾನು. ಮಾಟ ಅಂತ ಹೆದರಿ ಕಿತ್ತೆ."

ಯಾರೋ ನಕ್ಕರು. "ಬಿಡಜ್ಜೀ, ಸತ್ತೋನ ಮೇಲೆ ಈಗ ಯಾಕೆ ಮಾತು," ಎಂದರು ಇನ್ನೊಬ್ಬರು. "ಅಜ್ಜೀ, ಹಾಲು ಕೆಡುತ್ತೆ, ಕ್ಯಾನು ಮುಂದೆ ತಳ್ಳೋಕೆ ಬಿಡಿ," ಎಂದ ಸೆಕ್ರೆಟರಿ. ಮಗ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಹೋದ. ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಆ ವಾರವೇ ಪೇಟೆಯಿಂದ ಬೇರೊಬ್ಬನನ್ನು ಕರೆತಂದು ಅರ್ತಿಂಗ್ ನೋಡಿಸಿದ. ಬಂದವನು ಮಣ್ಣು ಕೆದರಿ ನೋಡಿ, "ಇಷ್ಟು ಚೆನ್ನಾಗಿ ಮಾಡಿರೋದನ್ನ ಈ ಕಡೆ ನೋಡೇ ಇಲ್ಲ. ಯಾರು ಮಾಡಿದ್ದು?" ಎಂದು ಕೇಳಿದ. ಮಗ ಒಳಗೆ ಹೋದ. ನಾನು ಹೇಳಿದೆ.

ಊರು ಸುಲಭಕ್ಕೆ ಬದಲಾಗುವುದಿಲ್ಲ. ಮೊನ್ನೆ ಯಾರೋ ಹೊಸಬರಿಗೆ ನಮ್ಮ ಮನೆಯ ಗುರುತು ಹೇಳುತ್ತಿದ್ದರು. "ಆ ಕರೆಂಟಿನವನು ಹಸು ಕೊಂದನಲ್ಲ, ಆ ಮನೆ" ಎಂದು. ಎದ್ದು ಹೋಗಿ ಮತ್ತೆ ಹೇಳಿದೆ. ಅಂಗಡಿಯಲ್ಲಿ ಹೇಳುತ್ತೇನೆ, ಬಸ್ಸಿನಲ್ಲಿ ಹೇಳುತ್ತೇನೆ, ಮನೆ ಕಟ್ಟಿಸುವವರ ಅಂಗಳಕ್ಕೆ ಕರೆಯದೆ ಹೋಗಿ ಹೇಳುತ್ತೇನೆ. ಮುದುಕಿಗೆ ಅರಳುಮರಳು ಎನ್ನುತ್ತಾರೆ. ಕೇಳಿಸಿಕೊಂಡರು ಅನ್ನಿಸುವುದಿಲ್ಲ, ಇನ್ನೊಂದು ಸಲ ಹೇಳುತ್ತೇನೆ. ಅವನು ನಾಳೆ ಹೇಳಿ ಎಂದಿದ್ದ. ಆ ನಾಳೆ ಹೇಳಿದ್ದರೆ ಒಂದೇ ಸಲ ಹೇಳಿದರೆ ಸಾಕಾಗುತ್ತಿತ್ತು.