ಒಂಬತ್ತು ತಾಯಿಲವಂಗ

ಕಳೆದ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಆನ್ಸೆಲ್ಮ್ ಕುರ್ತಾದ್ ದೊರೆಯ ಆತ್ಮಶಾಂತಿಗೆ ಪೂಜೆ ಮಾಡಿಸಿದರು. ಲವಂಗದ ಸಸಿಯನ್ನು ಹಸುಗೂಸಿನ ಹಾಗೆ ತನ್ನೆರಡು ಕೈಯಲ್ಲಿ ಎತ್ತಿ ತಂದು ಈ ದ್ವೀಪಕ್ಕೆ ಕೊಟ್ಟ ಪುಣ್ಯಾತ್ಮ ಎಂದು ಹೊಗಳಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಮೈಯೆಲ್ಲ ಉರಿಯಿತು. ಆ ಎರಡು ಕೈ ತೊಟ್ಟ ಅಂಗಿಗಳನ್ನು ಹನ್ನೊಂದು ವರ್ಷ ಒಗೆದು ಇಸ್ತ್ರಿ ಮಾಡಿದವಳು ನಾನು. ತೋಳಿನ ತುದಿಯಲ್ಲಿ ಶಾಯಿಯ ಕಲೆ ಇರುತ್ತಿತ್ತು. ಮಣ್ಣಿನ ಕಲೆ ಒಂದು ದಿನವೂ ಇರಲಿಲ್ಲ.

ಹಾಗೆಂದು ದೊರೆ ಕೆಟ್ಟವನೆಂದು ನಾನು ಹೇಳುವುದಿಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಫ್ರಾನ್ಸಿನ ಯಾವುದೋ ಊರಿನ ಮೇಣದಬತ್ತಿಯವನ ಮಗ. ಗಿಡಗಳ ಹುಚ್ಚು ಹಿಡಿದು ಹಡಗು ಹತ್ತಿದವನು. ಎಲೆ ಕೈಗೆ ಕೊಟ್ಟರೆ ಅದರ ಕುಲಗೋತ್ರವೆಲ್ಲ ಹೇಳುತ್ತಿದ್ದ. ಅವನು ಬರೆದ ಹೂವಿನ ಚಿತ್ರ ನೋಡಿದರೆ ಮೂಸಿ ನೋಡೋಣ ಅನ್ನಿಸುತ್ತಿತ್ತು. ಒಗೆದ ಬಟ್ಟೆ ಹೊತ್ತುಕೊಂಡು ಹೋದರೆ, "ಕೂತ್ಕೋ ಅರುಳಾಯಿ, ಬಿಸಿಲಲ್ಲಿ ಬಂದಿದೀಯ" ಎಂದು ನೀರು ಕೊಡಿಸುತ್ತಿದ್ದ. ಬೇರೆ ಯಾವ ದೊರೆ ಕೊಡಿಸುತ್ತಿದ್ದ? ಆ ಒಂದು ಲೋಟ ನೀರಿಗೆ ಮರುಳಾಗಿ ನಾನು ಅಷ್ಟು ವರ್ಷ ಅವನ ಮಾತು ನಂಬಿದೆ.

ಆ ಕಾಲದಲ್ಲಿ ಲವಂಗವೆಲ್ಲ ಡಚ್ಚರ ಮುಷ್ಟಿಯಲ್ಲಿತ್ತು. ಮೂಡಲ ಸಮುದ್ರದ ದ್ವೀಪಗಳಲ್ಲಿ ತಮಗೆ ಬೇಕಾದಷ್ಟು ಮರ ಉಳಿಸಿಕೊಂಡು ಮಿಕ್ಕಿದ್ದನ್ನು ಕಡಿಸಿಹಾಕುತ್ತಿದ್ದರು. ಅವರ ಕಣ್ಣು ತಪ್ಪಿ ಉಳಿದ ಮರಗಳ ಜಾಗವನ್ನು ದೊರೆಗೆ ತೋರಿಸಿದವನು ಗೆಬೆ ದ್ವೀಪದಲ್ಲಿ ದೋಣಿ ನಡೆಸುತ್ತಿದ್ದ ಬಗುನ. ಸಸಿ ಕಿತ್ತವನು ಅವನೇ, ಬಿದಿರು ಬುಟ್ಟಿಯಲ್ಲಿ ಮಣ್ಣು ತುಂಬಿ ನೆಟ್ಟವನೂ ಅವನೇ. ದಾರಿಯಲ್ಲಿ ನೋಡಿಕೊಳ್ಳುವವರು ಬೇಕಲ್ಲ, ಮುಂದಿನ ಹಡಗಿಗೆ ವಾಪಸು ಕಳಿಸುತ್ತೇನೆಂದು ದೊರೆ ಮಾತು ಕೊಟ್ಟು ಅವನನ್ನೂ ಹತ್ತಿಸಿಕೊಂಡ. ನಮ್ಮ ಈ ದ್ವೀಪದ ಪೋರ್ ಲೂಯಿ ಬಂದರಿನಲ್ಲಿ ಇಳಿದಾಗ ಅಲ್ಲಿಯ ಗುಮಾಸ್ತ ಇವನ ಮೈಬಣ್ಣ ನೋಡಿ, ಕುರ್ತಾದನ ಗುಲಾಮ, ಹೆಸರು ಲಾಫ್ಲರ್, ಎಂದು ಬರೆದುಕೊಂಡ. ಲಾಫ್ಲರ್ ಎಂದರೆ ಹೂವಂತೆ. ದೊರೆ ಪಕ್ಕದಲ್ಲೇ ನಿಂತಿದ್ದ. "ಸದ್ಯಕ್ಕೆ ಹಾಗೇ ಇರಲಿ, ಆಮೇಲೆ ಸರಿ ಮಾಡಿಸೋಣ" ಎಂದನಂತೆ. ಹತ್ತುವಾಗ ಮನುಷ್ಯನಾಗಿದ್ದವನು ಇಳಿಯುವಾಗ ಸಾಮಾನಾದ.

ಆ ಸಾಮಾನನ್ನೇ ನಾನು ಮೆಚ್ಚಿ ಕಟ್ಟಿಕೊಂಡೆ. ನನ್ನಪ್ಪ ಪಾಂಡಿಚೇರಿಯಿಂದ ಬಂದ ಬಡಗಿ. ನಾವು ಯಾರ ಗುಲಾಮರೂ ಅಲ್ಲ. ಬಂದರಿನ ಹಿಂದಿನ ಕೇರಿಯಲ್ಲಿ ಸ್ವಂತ ಮನೆ ಇತ್ತು. ಅಪ್ಪ ಇಬ್ಬರಿಗೂ ಆಗುವಷ್ಟು ಅಗಲದ ಮಂಚ ಮಾಡಿಕೊಟ್ಟ. ಆದರೆ ಗುಲಾಮ ಕತ್ತಲಾದ ಮೇಲೆ, ಸಸಿ ನೆಟ್ಟಿದ್ದ ದೊರೆಯ ತೋಟದ ಬೇಲಿ ದಾಟುವ ಹಾಗಿಲ್ಲ. ಶನಿವಾರ ಸಂಜೆ ನಾನೇ ಅನ್ನ ಕಟ್ಟಿಕೊಂಡು ಎರಡು ಹರಿದಾರಿ ನಡೆದು ಅವನ ಗುಡಿಸಲಿಗೆ ಹೋಗಬೇಕು. "ಅಮ್ಮಾ, ಅಪ್ಪ ತೋಟದಲ್ಲೇ ಬೆಳೆಯೋದಾ?" ಎಂದು ನನ್ನ ಚಿಕ್ಕ ಮಗಳು ಒಮ್ಮೆ ಕೇಳಿದ್ದಳು. ಕೇರಿಯವರು ನಕ್ಕರು, ನನಗೆ ನಗು ಬರಲಿಲ್ಲ. ಗಂಡ ದುಡಿದು ಸಂಜೆಗೆ ಮನೆಗೆ ಬರಬೇಕು, ಇಷ್ಟೇ ನಾನು ಕೇಳಿದ್ದು.

ಸಸಿ ಬಂದ ಹನ್ನೊಂದನೆಯ ವರ್ಷ ಒಂದು ಲವಂಗದ ಗಿಡ ಮೊಗ್ಗು ಬಿಟ್ಟಿತು. ದೊರೆ ಕುಣಿದಾಡಿಬಿಟ್ಟ. "ಬಗುನ, ಮೊದಲ ಲವಂಗ ಗವರ್ನರ್ ಕೈಗೆ ಬಿದ್ದ ದಿನ, ಎಲ್ಲರ ಎದುರಿಗೇ ನಿನ್ನನ್ನ ಬಿಡುಗಡೆ ಮಾಡ್ತೀನಿ" ಎಂದ.

ಬಗುನನ ಜನಕ್ಕೆ ಮೊಗ್ಗುಬಿಟ್ಟ ಲವಂಗದ ಮರವೆಂದರೆ ಬಸುರಿ ಹೆಂಗಸು. ಅದರ ಹತ್ತಿರ ಗದ್ದಲ ಮಾಡುವ ಹಾಗಿಲ್ಲ, ಬೆಂಕಿ ಒಯ್ಯುವ ಹಾಗಿಲ್ಲ, ತಲೆಯ ಮೇಲೆ ಟೋಪಿ ಇಟ್ಟುಕೊಂಡು ನಿಲ್ಲುವ ಹಾಗಿಲ್ಲ. ದೊರೆ ಅದನ್ನೆಲ್ಲ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟೇ ಅಲ್ಲ, ಎರಡು ತಿಂಗಳು ದಿನಾ ಬೆಳಿಗ್ಗೆ ಮರದ ಹತ್ತಿರ ಬರುವಾಗ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಾಣಂತಿ ಕೋಣೆಗೆ ಬಂದವನಂತೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ನಾನೇ ಕಣ್ಣಾರೆ ನೋಡಿ ಮುಸಿಮುಸಿ ನಕ್ಕಿದ್ದೇನೆ.

ಮೊಗ್ಗು ಕೀಳುವ ದಿನ ಗವರ್ನರ್ ಬಂದ, ಹಿಂದೆ ತಮಟೆಯವರು ಬಂದರು. ಕೊಕ್ಕರೆ ಪುಕ್ಕದ ಟೋಪಿ ಹಾಕಿಕೊಂಡು ಗವರ್ನರ್ ಮರದ ಬುಡಕ್ಕೇ ಹೋಗಿ ನಿಂತ. ನನ್ನ ಗಂಡ ಮೆಲ್ಲಗೆ ಮುಂದೆ ಬಂದು ಹೇಳಿದ, "ಟೋಪಿ ತೆಗೀರಿ ದೊರೆ. ಬಸುರಿ ಮುಂದೆ ನಿಂತಿದೀರಿ."

ತಮಟೆ ನಿಂತಿತು. ಗವರ್ನರನ ಕಿವಿ ಕೆಂಪಾಯಿತು. ಎಲ್ಲರೂ ಕುರ್ತಾದ್ ದೊರೆಯ ಕಡೆ ನೋಡಿದರು. ಅವನ ತಲೆಯ ಮೇಲೆ ಅವತ್ತು ಟೋಪಿ ಭದ್ರವಾಗಿ ಕೂತಿತ್ತು.

"ಕಾಡುಜನರ ಹುಚ್ಚು, ಪ್ರಭುಗಳು ಮನಸ್ಸಿಗೆ ಹಚ್ಚಿಕೋಬಾರದು" ಎಂದ ದೊರೆ. ಎಲ್ಲರೂ ನಕ್ಕರು. ಬಿಡುಗಡೆಯ ಮಾತು ಅವನ ಬಾಯಿಂದ ಬರಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ನಾನು ಕೇಳಿದರೆ ನನ್ನನ್ನೇ ಗದರಿದ. "ನಿನ್ನ ಗಂಡ ಇವತ್ತೇ ಬಾಯಿ ಬಿಡಬೇಕಿತ್ತಾ? ನಾನಾದ್ರೂ ಏನು ಮಾಡ್ಲಿ?"

ಬಗುನ ಮಾತ್ರ ಮರದ ತುದಿಯ ಒಂದು ಗೊಂಚಲನ್ನು ಕೀಳದೆ ಉಳಿಸಿದ್ದ. ಮೊಗ್ಗನ್ನೇ ಕಿತ್ತು ಒಣಗಿಸಿದರೆ ಲವಂಗ. ಬಿಟ್ಟರೆ ಅರಳಿ, ನೇರಳೆ ಬಣ್ಣದ ಹಣ್ಣಾಗುತ್ತದೆ. ಅದಕ್ಕೆ ಅವರು ತಾಯಿಲವಂಗ ಎನ್ನುತ್ತಾರೆ. ಸಸಿ ಬರುವುದು ಅದರ ಬೀಜದಿಂದಲೇ, ಅದೂ ವಾರದೊಳಗೆ ಮಣ್ಣು ಸೇರಿದರೆ. ಒಂಬತ್ತು ಹಣ್ಣು ನಿಂತವು. ಅಷ್ಟರಲ್ಲಿ ಬೇರೆ ದ್ವೀಪಗಳಿಗೂ ಸಸಿ ಬೇಕೆಂದು ಗವರ್ನರನ ಅಪ್ಪಣೆ ಬಂತು. ಬೀಜ ಮೊಳೆಸುವ ಹದ ಗೊತ್ತಿದ್ದವನು ಬಗುನ ಒಬ್ಬನೇ. ದೊರೆಯ ದನಿ ಮತ್ತೆ ಬೆಣ್ಣೆಯಾಯಿತು. ಹಾಳೆ ತೆಗೆದು ಮುದ್ದಾದ ಅಕ್ಷರದಲ್ಲಿ ಬರೆದ: ಈ ಒಂಬತ್ತು ಬೀಜ ಮೊಳೆತ ದಿನದಿಂದ ನನ್ನ ಗುಲಾಮ ಲಾಫ್ಲರ್ ಸ್ವತಂತ್ರ. ಅರಗಿನ ಮುದ್ರೆಯನ್ನೂ ಒತ್ತಿದ.

ಕಾಗದ ನನ್ನ ಕೈಗೆ ಬಂದ ಮೇಲೆ ನಾನು ಸುಮ್ಮನಿರುವವಳಲ್ಲ. ದಾಖಲಾಗಲಿ ಎಂದು ಕಚೇರಿಗೆ ಒಯ್ದೆ. ಗುಮಾಸ್ತ ಓದಿ, ಕಪಾಟಿನಿಂದ ಒಂದು ಕಟ್ಟು ಎಳೆದು, ತುಟಿ ಕಚ್ಚಿಕೊಂಡ.

"ಈ ಲಾಫ್ಲರ್ ಅವರ ಗುಲಾಮ ಅಲ್ವಲ್ಲಮ್ಮ. ನಾಲ್ಕು ವರ್ಷದ ಹಿಂದೆ ತೋಟಾನ ಪೂರ್ತಿ ರಾಜರಿಗೆ ಒಪ್ಪಿಸಿಬಿಟ್ಟಿದಾರೆ. ಕೇಳು, ಓದ್ತೀನಿ. ಲವಂಗದ ಗಿಡ ಐದು, ಜಾಯಿಕಾಯಿ ಹದಿನಾಲ್ಕು, ತಾಮ್ರದ ಕೊಡ ಮೂರು, ಲಾಫ್ಲರ್ ಒಂದು."

"ಸಹಿ ಯಾರದು?"

"ಅವರದೇ. ಅದಕ್ಕೇ ಅಲ್ವಾ ಅವರಿಗೆ ಪದವಿ, ಪಿಂಚಣಿ ಎಲ್ಲ ಬಂದದ್ದು! ಇವನನ್ನ ಬಿಡೋ ಅಧಿಕಾರ ಅವರಿಗಿಲ್ಲ. ಈ ಕಾಗದದಲ್ಲಿ ನೀನು ಕಡಲೆ ಕಟ್ಟಬಹುದು, ಅಷ್ಟೇ."

ಕೊಡಗಳ ಜೊತೆ ನನ್ನ ಗಂಡನನ್ನೂ ಎಣಿಸಿ ಕೊಟ್ಟು ನಾಲ್ಕು ವರ್ಷವಾದ ಮೇಲೂ ಆ ಮನುಷ್ಯ ಬಿಡುಗಡೆಯ ಆಸೆ ತೋರಿಸುತ್ತಿದ್ದ! ಮರೆತಿದ್ದನೋ? ಮರೆತಿದ್ದರೆ ಅದು ಇನ್ನೂ ಕೆಟ್ಟದ್ದು. ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಎರಡು ಹರಿದಾರಿ ಓಡಿಕೊಂಡೇ ತೋಟಕ್ಕೆ ಹೋದೆ. ಬಗುನ ಆಗಷ್ಟೇ ಹಣ್ಣು ಕಿತ್ತು ತಂದು ಬಾಳೆಲೆಯ ಮೇಲೆ ಇಟ್ಟಿದ್ದ. ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಒಂಬತ್ತು ಹಣ್ಣನ್ನೂ ಒಂದೊಂದಾಗಿ ತಿರುಗಿಸಿ ನೋಡಿದ.

"ಬೆಲ್ಲ ಇದೆಯಾ?" ಎಂದು ಕೇಳಿದ.

"ಯಾಕೆ?"

"ನಮ್ಮೂರಲ್ಲಿ ಇದನ್ನ ಬೆಲ್ಲದಲ್ಲಿ ಬೇಯಿಸ್ತಾರೆ. ಕೇಳಿದೋರಿಗೆ ಬೀಜ ಕೊಡು, ಕದ್ದೋರಿಗೆ ಕೊಡಬೇಡ, ನೀನೇ ತಿಂದ್ಬಿಡು ಅಂತಿದ್ಲು ನಮ್ಮಜ್ಜಿ."

"ಪಾಪ ಅಲ್ವೇನೋ?"

"ಪಾಪಾನೇ. ಒಲೆ ಹಚ್ಚು."

ದೊರೆಯ ಮುದ್ದಾದ ಅಕ್ಷರದಲ್ಲೇ ಒಲೆ ಹೊತ್ತಿಸಿದೆ. ಬಗುನ ಹಣ್ಣುಗಳನ್ನು ಒಂದೊಂದಾಗಿ ಪಾಕಕ್ಕೆ ಬಿಟ್ಟ.

ಸ್ವಲ್ಪ ಹೊತ್ತಿಗೆ ಒದ್ದೆ ಮಣ್ಣು ತುಂಬಿದ ಪೆಟ್ಟಿಗೆ ಹೊರಿಸಿಕೊಂಡು ದೊರೆಯೇ ಬಂದ. "ಆಹಾ, ಏನಿದು ಘಮ! ಏನ್ ಅಡುಗೆ ಅರುಳಾಯಿ?"

"ಕೂತ್ಕೊಳಿ ದೊರೆ, ಬಿಸಿಲಲ್ಲಿ ಬಂದಿದೀರಿ" ಎಂದು ತಟ್ಟೆಗೆ ಎರಡು ಹಾಕಿಕೊಟ್ಟೆ. ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ಚಪ್ಪರಿಸಿದ. "ಬಹಳ ಚೆನ್ನಾಗಿದೆ. ಸರಿ, ಬೀಜ ಎಲ್ಲಿ?"

"ಒಂದು ನಿಮ್ಮ ಬಾಯಲ್ಲಿದೆ. ಒಂದು ತಟ್ಟೆಯಲ್ಲಿದೆ. ಮಿಕ್ಕಿದ್ದು ಪಾತ್ರೆಯಲ್ಲಿ ಬೇಯ್ತಾ ಇದೆ" ಎಂದೆ. "ರಾಜರಿಗೆ ಒಪ್ಪಿಸ್ತೀರಾ? ಪಟ್ಟಿ ಬರೀರಿ. ಒಂಬತ್ತು ಹಣ್ಣು, ಲಾಫ್ಲರ್ ಒಂದು."

ಅವನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಬಗುನನಿಗೆ ಹದಿನೈದು ಏಟು ಬಿತ್ತು. ಮೂವತ್ತಿದ್ದದ್ದನ್ನು ತಾನೇ ಬೇಡಿಕೊಂಡು ಹದಿನೈದಕ್ಕೆ ಇಳಿಸಿದೆ ಎಂದು ದೊರೆ ಸಾಯುವವರೆಗೂ ಎಲ್ಲರ ಹತ್ತಿರ ಹೇಳಿಕೊಂಡ. ಮರ ಮರುವರ್ಷ ಮತ್ತೆ ಹೂಬಿಟ್ಟಿತು, ತೋಟದವರು ಒಂದಷ್ಟು ಬೀಜ ಕೆಡಿಸಿ ಹದ ಕಲಿತರು, ಸಸಿಗಳೂ ಆದವು. ಮರಕ್ಕೇಕೆ ಸಿಟ್ಟು? ಇವತ್ತು ಈ ದ್ವೀಪದ ಲವಂಗಕ್ಕೆಲ್ಲ ಕುರ್ತಾದನ ಹೆಸರು.

ಹೂಗಿಡ ಮುಟ್ಟಲು ನಾಲಾಯಕ್ಕು ಎಂದು ಬರೆದು ಬಗುನನನ್ನು ಬಂದರಿನ ಕಟ್ಟೆಗೆ ಕಲ್ಲು ಹೊರಲು ಕಳಿಸಿದರು. ಅಲ್ಲಿಯ ಗುಲಾಮರಿಗೆ ಗುಡಿಸಲೂ ಇಲ್ಲ, ಊಟವೂ ಇಲ್ಲ; ಸಂಜೆ ಬಿಟ್ಟರೆ ಎಲ್ಲಿ ಬೇಕಾದರೂ ಬಿದ್ದುಕೊಂಡು ಬೆಳಿಗ್ಗೆ ಹಾಜರಾಗಬೇಕು. ಕಟ್ಟೆಗೂ ನಮ್ಮ ಕೇರಿಗೂ ಕೂಗಳತೆ ದೂರ. ಹನ್ನೊಂದು ವರ್ಷ ಮರ ಬೆಳೆಸಿದರೂ ಸಿಗದೇ ಹೋದದ್ದು ಮರದ ಹಣ್ಣು ಕೆಡಿಸಿದ್ದಕ್ಕೆ ಸಿಕ್ಕಿತು. ಇದನ್ನು ನ್ಯಾಯವೆನ್ನುವವರು ನನ್ನ ಎದುರಿಗೆ ಬಂದು ಹೇಳಲಿ. ಮೊದಲ ದಿನ ಸಂಜೆ ಅವನು ಮೈತುಂಬ ಸುಣ್ಣಕಲ್ಲಿನ ಧೂಳು ಮೆತ್ತಿಕೊಂಡು, ಬೆನ್ನಿನ ಗಾಯಕ್ಕೆ ಅಂಗಿ ಅಂಟಿಕೊಂಡು, ನಮ್ಮ ಹೊಸ್ತಿಲ ಹೊರಗೆ ನಿಂತಿದ್ದ.

"ಒಳಗೆ ಬರ್ಲಾ?" ಎಂದು ಕೇಳಿದ.

"ಥೂ ನಿನ್ನ, ನಿನ್ನ ಮನೆಗೆ ನೀನೇ ಕೇಳ್ಕೊಂಡು ಬರ್ತೀಯಾ?" ಎಂದು ಬೈದು, ಅಲ್ಲೇ ಬಾಗಿಲಲ್ಲಿ ಕುಸಿದು ಕೂತು ಅತ್ತೆ.